ನೂರು ತುಂಬುವವರೆಗೆ ಕಾಯಬೇಕೇ?

ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೊ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿದ್ದು ಯಾವಾಗ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ 2016 ಎಂಬುದು ಒಂದು ಅಂಕದ ಉತ್ತರ. ನಾನೂ ಬಾಯಿಪಾಠ ಮಾಡಿದ್ದೆ. ಅದರ ಜೊತೆಗೆ ವಾಸ್ತುಶಿಲ್ಪಿ ಲೆ ಕಾರ್ಬೂಸಿಯರ್ ವಿನ್ಯಾಸ ಮಾಡಿದ, ಏಳು ದೇಶಗಳ ಒಟ್ಟು 17 ನಿರ್ಮಾಣಗಳು ಸೇರಿದವು ಎಂದು ತಿಳಿದಾಗ ಕುತೂಹಲ ಹುಟ್ಟಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪ್ಯಾರಿಸ್ ಸಮೀಪದ ಪ್ವಾಸಿ ಊರಿನ ಮನೆ, ವಿಲ್ಲಾ ಸವೊಯ್.

1931ರಲ್ಲಿ ಪೂರ್ಣಗೊಂಡ ಈ ಬಿಳಿ ಮನೆ ತೆಳು ಕಂಬಗಳ ಮೇಲೆ ನಿಂತಿದೆ. ಆಧುನಿಕ ವಾಸ್ತುಶಿಲ್ಪದ ಪಾಠಕ್ಕೆ ಇದೇ ಮಾದರಿ. ಆದರೆ ಮಳೆ ಬಂದರೆ ಸೋರುತ್ತಿತ್ತು. ಮನೆಯೊಡತಿ ವಾಸ್ತುಶಿಲ್ಪಿಗೆ ದೂರಿನ ಪತ್ರಗಳನ್ನು ಬರೆದಿದ್ದರು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಬಳಸಿ ಮನೆ ಹಾಳಾಯಿತು. 1958ರಲ್ಲಿ ಶಾಲೆ ಕಟ್ಟಲೆಂದು ಸ್ಥಳೀಯ ಆಡಳಿತ ಜಾಗ ವಶಪಡಿಸಿಕೊಂಡಿತು. ಮನೆ ಕೆಡವುತ್ತಾರೆಂದು ತಿಳಿದು ಹಲವು ದೇಶಗಳ ವಾಸ್ತುಶಿಲ್ಪಿಗಳು ಪ್ರತಿಭಟಿಸಿದರು. ಕೊನೆಗೆ ಶಾಲೆ ಪಕ್ಕದಲ್ಲಿ ಎದ್ದಿತು, ಮನೆಯೂ ಉಳಿಯಿತು. 1965ರಲ್ಲಿ ಫ್ರಾನ್ಸ್ ಅದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಆಗ ಆ ಮನೆಗೆ ಬರೀ 34 ವರ್ಷ!

ಕಾಕತಾಳೀಯವೆಂದರೆ, ಅದೇ 1958ರಲ್ಲಿ ನಮ್ಮ ಸಂಸತ್ತು ಪ್ರಾಚೀನ ಸ್ಮಾರಕಗಳ ಕಾಯ್ದೆ ತಂದಿತು. ಅದರ ಪ್ರಕಾರ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು. ಈ ಲೆಕ್ಕದಲ್ಲಿ ಇಡೀ ಜಗತ್ತೇ ಒಪ್ಪಿದ ಚಂಡೀಗಢದ ಕಟ್ಟಡಗಳೂ ಇನ್ನೂ 'ಪ್ರಾಚೀನ' ಅಲ್ಲ. ದೆಹಲಿಯಲ್ಲಿ ರಾಜ್ ರೇವಾಲ್ ವಿನ್ಯಾಸ ಮಾಡಿದ, 1972ರ ಹಾಲ್ ಆಫ್ ನೇಷನ್ಸ್ ಕಟ್ಟಡಕ್ಕೆ 60 ವರ್ಷ ತುಂಬಿಲ್ಲವೆಂಬ ಕಾರಣಕ್ಕೆ ಪಾರಂಪರಿಕ ರಕ್ಷಣೆ ಸಿಗಲಿಲ್ಲ. 2017ರಲ್ಲಿ ಅದು ನೆಲಸಮವಾಯಿತು.

ಎಲ್ಲವನ್ನೂ ಉಳಿಸುತ್ತಾ ಕುಳಿತರೆ ಹೊಸ ಕಾಲೇಜು, ಆಸ್ಪತ್ರೆಗೆ ಜಾಗವೆಲ್ಲಿ ಎಂಬ ಪ್ರಶ್ನೆ ನ್ಯಾಯವೇ. ಎಲ್ಲವನ್ನೂ ಉಳಿಸಬೇಕಿಲ್ಲ. ಆದರೆ ಕೆಡವುವ ಮುನ್ನ ಕಟ್ಟಡದ ವಯಸ್ಸನ್ನಷ್ಟೇ ಕೇಳದೆ ಅದರ ಮಹತ್ವವನ್ನೂ ನೋಡಬೇಕು. ಪ್ವಾಸಿಯಲ್ಲಿ ಶಾಲೆ, ಮನೆ ಎರಡಕ್ಕೂ ಜಾಗ ಸಿಕ್ಕಿತಲ್ಲ!

ನಮ್ಮ ಪಠ್ಯದಲ್ಲಿ ಪರಂಪರೆ ಎಂದರೆ ಹಂಪಿ, ಪಟ್ಟದಕಲ್ಲು. ಅಜ್ಜನ ಕಾಲದ್ದಾದರೆ ಅದು ಬರೀ 'ಹಳೇ ಬಿಲ್ಡಿಂಗ್'. ಈಗಲೇ ಕೆಡವಿಬಿಟ್ಟ ಕಟ್ಟಡಕ್ಕೆ ನೂರು ತುಂಬುವುದಾದರೂ ಹೇಗೆ?