ಪಾಠ ನಿಲ್ಲಲಿಲ್ಲ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅದರ ಪಕ್ಕದಲ್ಲಿ ಹರಿಯುವ ಕಾವೇರಿ, ಹೊಳೆನರಸೀಪುರದ ಕಡೆಯಿಂದ ಬರುವ ಹೇಮಾವತಿಯನ್ನು ಕನ್ನಂಬಾಡಿಯಲ್ಲೂ ನಂಜನಗೂಡಿನಿಂದ ಬರುವ ಕಪಿಲೆಯನ್ನು ತಿರುಮಕೂಡಲಿನಲ್ಲೂ ಕೂಡಿಕೊಂಡು ತಮಿಳುನಾಡಿನ ತಿರುವೈಯಾರಿನತ್ತ ಸಾಗುತ್ತಾಳೆ. ಅಲ್ಲಿ, ಹೊಳೆಯ ದಂಡೆಯಲ್ಲಿ, ತ್ಯಾಗರಾಜರ ಸಮಾಧಿ ಇದೆ. ಪುಷ್ಯ ಬಹುಳ ಪಂಚಮಿಯ ದಿನ ಅಲ್ಲಿ ನಡೆಯುವ ಗೋಷ್ಠಿಗಾಯನವನ್ನು ನೀವೂ ರೇಡಿಯೊದಲ್ಲೋ ಟಿ.ವಿ.ಯಲ್ಲೋ ಕೇಳಿರಬಹುದು. ಆ ಸಮಾಧಿಗೆ ಗುಡಿ ಕಟ್ಟಿಸಿದವರು ಕಪಿಲೆಯ ದಡದಲ್ಲಿ ಹುಟ್ಟಿದ ಒಬ್ಬ ಕನ್ನಡತಿ ಎಂಬುದು ಮಾತ್ರ ಬಹಳ ಮಂದಿಗೆ ತಿಳಿಯದು.

ಅವರೇ ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ವಕೀಲರು, ಆದರೆ ತಾಯಿ ಮಗಳನ್ನು ಕೈಬಿಟ್ಟವರು. ಮೈಸೂರಿನಲ್ಲಿ ಪಂಡಿತರೊಬ್ಬರು ಈ ಪುಟ್ಟ ಹುಡುಗಿಗೆ ಸಂಸ್ಕೃತ, ಸಂಗೀತ ಕಲಿಸಲು ಒಪ್ಪಿದರು. ಹುಡುಗಿ ಚುರುಕು. ಆದರೆ ಕೆಲವೇ ವರ್ಷಗಳಲ್ಲಿ ಅದೇ ಗುರು ಮುನಿಸಿಕೊಂಡು, ನಿಂದಿಸಿ, ಪಾಠ ನಿಲ್ಲಿಸಿಬಿಟ್ಟರು.

ಅಂಥ ಹೊತ್ತಿನಲ್ಲಿ ನಮ್ಮಲ್ಲಿ ಎಷ್ಟು ಜನ ತಾಯಂದಿರು ‘ನಮ್ಮ ಹಣೆಬರಹ’ ಎಂದು ಸುಮ್ಮನಾಗುತ್ತಿದ್ದರೋ! ಪುಟ್ಟಲಕ್ಷ್ಮಮ್ಮ ಸುಮ್ಮನಾಗಲಿಲ್ಲ. ಮಗಳು ವಿದ್ಯಾವಂತೆಯಾದ ಮೇಲೆಯೇ ಮತ್ತೆ ಮೈಸೂರಿನ ಮುಖ ನೋಡುವುದೆಂದು ಹಟ ತೊಟ್ಟು ಮಗುವಿನ ಕೈ ಹಿಡಿದು ಊರು ಬಿಟ್ಟರು. ಪಿಟೀಲು ನುಡಿಸುತ್ತಿದ್ದ ಬಂಧುವೊಬ್ಬರ ಆಸರೆ ಸಿಕ್ಕಿತು. ಕಡೆಗೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪ ಎಂಬ ಗುರು ದೊರೆತರು. ಅವರು ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಕನ್ನಡ, ತೆಲುಗು, ಇಂಗ್ಲಿಷುಗಳ ಜೊತೆಗೆ ಹಾಡುಗಾರಿಕೆ, ನೃತ್ಯ, ಪಿಟೀಲು ಎಲ್ಲವೂ ಆದವು. ಹದಿನೈದರ ವಯಸ್ಸಿಗೆ ಹುಡುಗಿ ವಿದ್ವಾಂಸರ ಸಭೆ ಏರಿದಳು. ಮೈಸೂರಿನ ಅರಮನೆಯಲ್ಲೂ ಹಾಡಿದಳು.

ಮುಂದೆ ನಾಗರತ್ನಮ್ಮ ಮದರಾಸಿನಲ್ಲಿ ನೆಲೆಸಿ ಹೆಸರು, ಹಣ ಎರಡನ್ನೂ ಸಂಪಾದಿಸಿದರು. ಅವರ ಓದು ಕೂಡ ಕಚೇರಿಗಳೊಂದಿಗೆ ನಿಲ್ಲಲಿಲ್ಲ. 18ನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಹುಡುಕಿ, ತಿದ್ದಿ, 1910ರಲ್ಲಿ ಅಚ್ಚು ಹಾಕಿಸಿದರು. ಶೃಂಗಾರ ಹೆಚ್ಚಾಯಿತೆಂದು ದೊಡ್ಡವರು ಮೂಗು ಮುರಿದರು. ಗಂಡಸರು ಬರೆದ ಶೃಂಗಾರಕ್ಕಿಲ್ಲದ ನಾಚಿಕೆ ಹೆಣ್ಣು ಬರೆದದ್ದಕ್ಕೆ ಮಾತ್ರ ಏಕೆ ಎಂಬುದು ನಾಗರತ್ನಮ್ಮನವರ ಪ್ರಶ್ನೆಯಾಗಿತ್ತು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು 1947ರಲ್ಲಿ.

1921ರಲ್ಲಿ ಬೆಂಗಳೂರಿನಿಂದ ಹಳೆಯ ಗುರು ಮುನಿಸ್ವಾಮಪ್ಪನವರ ಕಾಗದ ಬಂತು. ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ, ಏನಾದರೂ ಮಾಡು ಎಂಬ ಕೋರಿಕೆ. ಶಿಷ್ಯೆ ಹಿಂದೆ ಮುಂದೆ ನೋಡಲಿಲ್ಲ. ಜಾಗ ಕೊಂಡರು, ತಮ್ಮ ಗಳಿಕೆಯನ್ನು ಸುರಿದು ಗುಡಿ ಕಟ್ಟಿಸಿದರು. 1925ರ ಜನವರಿಯಲ್ಲಿ ಕುಂಭಾಭಿಷೇಕ ನಡೆಯಿತು. ತ್ಯಾಗರಾಜರ ಮೇಲೆ ಸಂಸ್ಕೃತದಲ್ಲಿ ಅಷ್ಟೋತ್ತರ ಶತನಾಮಾವಳಿಯನ್ನೂ ರಚಿಸಿದರು.

ಇಷ್ಟಾದರೂ ಆರಾಧನೆಯ ಗೋಷ್ಠಿಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಹಾಡಲು ಅವಕಾಶವಿಲ್ಲ! ನಾಗರತ್ನಮ್ಮ ಜಗಳಕ್ಕೆ ನಿಂತು ಕಾಲ ಕಳೆಯಲಿಲ್ಲ. 1927ರಲ್ಲಿ ಗಾಯಕಿಯರನ್ನು ಕೂಡಿಸಿಕೊಂಡು ಅಲ್ಲಿಯೇ ಬೇರೆ ಆರಾಧನೆ ಆರಂಭಿಸಿದರು. 1940ರ ಸುಮಾರಿಗೆ ಬಣಗಳೆಲ್ಲ ಒಂದಾದಾಗ ಹೆಂಗಸರ ದನಿಯೂ ಮುಖ್ಯ ಗೋಷ್ಠಿಗೆ ಸೇರಿತು. 1952ರಲ್ಲಿ ಅವರು ತಿರುವೈಯಾರಿನಲ್ಲೇ ತೀರಿಕೊಂಡರು. ಅವರ ಸಮಾಧಿಯೂ ಗುರುವಿನ ಸಮಾಧಿಯ ಹತ್ತಿರವೇ ಇದೆ.

ಈಗ ನಮ್ಮ ಮನೆಗಳಿಗೆ ಬರೋಣ. ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಸಂಗೀತದ ಪಾಠಕ್ಕೆ ಹೋಗುವ ಹುಡುಗಿಯರಿಗೆ ಬರವಿಲ್ಲ. ಸರಳೆ, ಜಂಟಿವರಸೆ, ಗೀತೆ ಮುಗಿದು ಜೂನಿಯರ್ ಪರೀಕ್ಷೆಯೂ ಆಗುತ್ತದೆ. ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಬರುತ್ತದೆ, ‘ಇನ್ನು ಸಾಕು, ಓದಿಕೋ’ ಎಂಬ ಮಾತೂ ಬರುತ್ತದೆ. ಒಂದು ವರ್ಷಕ್ಕೆಂದು ಮೂಲೆ ಸೇರಿದ ಶ್ರುತಿಪೆಟ್ಟಿಗೆ ಮತ್ತೆ ಹೊರಬರುವುದೇ ಇಲ್ಲ.

ಪರೀಕ್ಷೆಯ ಓದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದಿನಕ್ಕೆ ಅರ್ಧ ಗಂಟೆಯ ಹಾಡಿನಿಂದ ಅಂಕ ಕಡಮೆಯಾದೀತೇ? ಮಕ್ಕಳೇ, ಬೈಸಿಕೊಂಡು ಪಾಠ ಕಳೆದುಕೊಂಡ ಒಬ್ಬ ಹುಡುಗಿ ಮುಂದೆ ಎಲ್ಲಿಗೆ ಮುಟ್ಟಿದಳೆಂಬುದನ್ನು ನೆನಪಿಡಿ. ತಾಯ್ತಂದೆಯರೇ, ಆ ಹುಡುಗಿಯ ಕೈ ಹಿಡಿದು ಊರು ಬಿಟ್ಟ ತಾಯಿಯನ್ನು ನೀವು ನೆನೆಯಿರಿ. ಆ ತಾಯಿಯ ಬಳಿ ಹಣವಿರಲಿಲ್ಲ, ಬೆಂಬಲವಿರಲಿಲ್ಲ. ಪಾಠ ನಿಲ್ಲಬಾರದೆಂಬ ಹಟ ಒಂದೇ ಇತ್ತು.