ಪರಿಷೆಯಲ್ಲೊಂದು ಪ್ರಾಕ್ಟಿಕಲ್

ಡಾಕ್ಟರಾಗಲು ಹೊರಟ ಹುಡುಗರಿಗೆ ವಿಪತ್ತಿನ ಪಾಠ ಎಷ್ಟು ಹೇಳಿಕೊಡುತ್ತಾರೆ? 2019ರ ಬ್ಯಾಚಿನಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮ ತೆರೆದರೆ, ಕಮ್ಯುನಿಟಿ ಮೆಡಿಸಿನ್ ವಿಷಯದಲ್ಲಿ ಅದಕ್ಕೆಂದು ನಾಲ್ಕು ಸಾಲಿದೆ. ವಿಪತ್ತು ನಿರ್ವಹಣೆ ಎಂದರೇನು, ಅದರ ಚಕ್ರದ ಹಂತಗಳು ಯಾವುವು, ಮನುಷ್ಯ ತಂದುಕೊಂಡ ವಿಪತ್ತುಗಳು ಯಾವುವು, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಗಿದೆ. ನಾಲ್ಕೂ ಬಾಯಲ್ಲಿ ಹೇಳುವಂಥವು, ಕೈಯಲ್ಲಿ ಮಾಡುವಂಥದ್ದು ಒಂದೂ ಇಲ್ಲ. ಸರ್ಜರಿಯವರು ವಾಸಿ, ಎದೆ ಒತ್ತುವುದನ್ನು, ಗಾಯಾಳುವನ್ನು ಸಾಗಿಸುವುದನ್ನು ಮಾಡಿ ತೋರಿಸಬೇಕೆನ್ನುತ್ತಾರೆ. ಆದರೆ ಐವತ್ತು ಜನ ಒಟ್ಟಿಗೆ ಬಂದರೆ ಏನು ಎಂಬ ಪ್ರಶ್ನೆಗೆ ಅಲ್ಲೂ ತತ್ವ ವಿವರಿಸಿದರೆ ಮುಗಿಯಿತು.

ನಮ್ಮ ಬೆಂಗಳೂರಿಗೆ ಇಷ್ಟು ಸಾಲದು. 1981ರ ಒಂದೇ ವರ್ಷ ತೆಗೆದುಕೊಳ್ಳಿ. ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಜುಲೈನಲ್ಲಿ ಕಳ್ಳಭಟ್ಟಿ ಕುಡಿದು ಬೆಂಗಳೂರಿನ ಸುತ್ತಮುತ್ತ 300ಕ್ಕೂ ಹೆಚ್ಚು ಮಂದಿ ಹೋದರು. ಮೊದಲನೆಯದಕ್ಕೆ ಬೇಕಾದದ್ದು ಸುಟ್ಟಗಾಯದ ವಾರ್ಡು. ಎರಡನೆಯದಕ್ಕೆ, ಕಣ್ಣು ಮಂಜಾಗಿದೆ ಎಂದು ಬಂದವನಲ್ಲಿ ಮೆಥನಾಲ್ ವಿಷ ಪತ್ತೆಮಾಡುವ ಚುರುಕು. (ಆ ವಿಷಕ್ಕೆ ಒಂದು ಮದ್ದು ಕುಡಿಯುವ ಮದ್ಯದಲ್ಲಿರುವ ಎಥನಾಲೇ. ವೈವಾದಲ್ಲಿ ಯಾವ ಹುಡುಗನೂ ಮರೆಯದ ಉತ್ತರ ಇದಿರಬೇಕು.) ಸರ್ಕಸ್ ದುರಂತದ ನಂತರ ಆಪ್ತರನ್ನು ಕಳೆದುಕೊಂಡವರ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ಇಂಥ ಕೆಲಸ ದೇಶದಲ್ಲಿ ಶುರುವಾದದ್ದೇ ಸುಮಾರು ಆಗ.

ಇನ್ನು 2025ರ ಜೂನ್ 4. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನರ ಪ್ರಾಣ ಹೋಯಿತು. ಬಿದ್ದವರನ್ನು ಪೊಲೀಸರು ಕೈಯಲ್ಲೇ ಎತ್ತಿಕೊಂಡು ಓಡಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ಇಂಥ ಇಕ್ಕಟ್ಟಿನಲ್ಲಿ ಬಹಳಷ್ಟು ಜನ ಸಾಯುವುದು ತುಳಿತದಿಂದಲ್ಲ. ನಾಲ್ಕೂ ಕಡೆಯ ಒತ್ತಡಕ್ಕೆ ಎದೆ ಹಿಗ್ಗಲಾಗದೆ, ನಿಂತಲ್ಲೇ ಉಸಿರುಗಟ್ಟುತ್ತದೆ. ಕೈಯಲ್ಲಿರುವುದು ಕೆಲವೇ ನಿಮಿಷ. 108 ಬರುವಷ್ಟರಲ್ಲಿ, ಬಂದು ಆ ಜನದೊಳಗೆ ನುಗ್ಗುವಷ್ಟರಲ್ಲಿ, ಆ ನಿಮಿಷಗಳು ಕಳೆದಿರುತ್ತವೆ.

ಅಲ್ಲಿಗೆ ಒಬ್ಬ ಇಂಟರ್ನ್ ತಲುಪಿದನೆನ್ನಿ. ಅವನು ಮಾಡಬೇಕಾದ್ದು ಟ್ರಯಾಜ್, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವುದು. ಹಲವೆಡೆ ಬಳಕೆಯಲ್ಲಿರುವ ಸ್ಟಾರ್ಟ್ ಎಂಬ ಕ್ರಮ ಹೀಗಿದೆ: ನಡೆಯಬಲ್ಲವರೆಲ್ಲ ಈ ಕಡೆ ಬನ್ನಿ ಎಂದು ಕೂಗು, ಬಂದವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30 ಮೀರಿದರೆ ಕೆಂಪು. ಉಗುರು ಒತ್ತಿ ಬಿಟ್ಟಾಗ ರಕ್ತದ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೆಂಪು. ಹೇಳಿದ ಮಾತು ಪಾಲಿಸಲಾಗದಿದ್ದರೂ ಕೆಂಪು. ಇದಾವುದೂ ಇಲ್ಲದೆ ಮಲಗಿದವರಿಗೆ ಹಳದಿ. ಗಂಟಲಿನ ದಾರಿ ಸರಿಮಾಡಿದರೂ ಉಸಿರಾಡದವರಿಗೆ ಕಪ್ಪು. ಒಬ್ಬರಿಗೆ ಒಂದು ನಿಮಿಷವೂ ಇಲ್ಲ.

ಓದಲು ಸುಲಭ. ಮಾಡಲು ಎಂಥ ಕಷ್ಟ ನೋಡಿ! ಇಷ್ಟು ವರ್ಷ ಕಾಲೇಜು ಕಲಿಸಿದ್ದು ಇದಕ್ಕೆ ತದ್ವಿರುದ್ಧ: ಎದುರಿಗಿರುವ ಒಬ್ಬ ರೋಗಿಗಾಗಿ ಏನು ಬೇಕಾದರೂ ಮಾಡು. ಇಲ್ಲಿ ಒಬ್ಬ ಹುಡುಗಿಗೆ ಕಪ್ಪು ಪಟ್ಟಿ ಕಟ್ಟಿ, ಅವಳ ಅಣ್ಣ ಕಾಲು ಹಿಡಿದರೂ, ಮುಂದಿನವರ ಬಳಿ ಹೋಗಬೇಕು. ಅರಚುತ್ತಿರುವವನನ್ನು ಬಿಟ್ಟು ಸದ್ದಿಲ್ಲದೆ ಬಿದ್ದವನನ್ನು ನೋಡಬೇಕು. ಆಸ್ಪತ್ರೆಯಲ್ಲೂ ಅಷ್ಟೇ, ಕಡಿಮೆ ಪೆಟ್ಟಾದವರು ಆಟೋ ಹಿಡಿದು ಮೊದಲು ಬಂದು ಹಾಸಿಗೆ ತುಂಬಿಬಿಡುತ್ತಾರೆ, ಪ್ರಾಣಾಪಾಯದಲ್ಲಿರುವವರು ಹಿಂದಿನಿಂದ ಬರುತ್ತಾರೆ. ಪಿಪಿಟಿ ನೋಡಿ ಇದು ಬರುವುದಿಲ್ಲ.

ಹಾಗಾದರೆ ಎಲ್ಲಿ ಕಲಿಸುವುದು? ನಮ್ಮ ತ್ಯಾಗರಾಜನಗರದಿಂದ ನಡೆದೇ ಹೋಗಬಹುದಾದ ಬುಲ್ ಟೆಂಪಲ್ ರಸ್ತೆಯಲ್ಲಿ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಕೋಟೆಯ ಬಳಿ ಬೆಂಗಳೂರು ಮೆಡಿಕಲ್ ಕಾಲೇಜಿದೆ, ವಿವಿ ಪುರದಲ್ಲಿ ಕಿಮ್ಸ್ ಆಸ್ಪತ್ರೆಯಿದೆ. ಜನಜಂಗುಳಿಯ ನಡುವೆ ಸುಳ್ಳು ಗಾಯಾಳುಗಳನ್ನು ಮಲಗಿಸಿ ಎಂದು ನಾನು ಹೇಳುತ್ತಿಲ್ಲ, ಅದರಿಂದ ನಿಜವಾದ ನೂಕುನುಗ್ಗಲೇ ಆದೀತು. ಆ ಆಟ ಒಂದು ವಾರ ಮುಂಚೆ ಕಾಲೇಜಿನ ಮೈದಾನದಲ್ಲಿ ಆಗಲಿ. ಮೊದಲ ವರ್ಷದವರು ಕುಂಕುಮದ ನೀರು ಬಳಿದುಕೊಂಡು ನರಳಲಿ, ಕೊನೆಯ ವರ್ಷದವರು ಪಟ್ಟಿ ಕಟ್ಟಲಿ.

ಪರಿಷೆಯ ದಿನ ಬೇರೆ ಕೆಲಸ. ಕಡಲೆಕಾಯಿ ರಾಶಿಗಳ ನಡುವೆ ಸ್ಟ್ರೆಚರ್ ಹಿಡಿದು ಇಬ್ಬರು ಹೋಗುವಷ್ಟು ದಾರಿ ಎಲ್ಲಿದೆ, ಆಂಬುಲೆನ್ಸ್ ಎಲ್ಲಿ ನಿಲ್ಲಬಲ್ಲದು, ಗಾಂಧಿಬಜಾರಿನ ಕಡೆ ಕಟ್ಟಿಕೊಂಡರೆ ಎನ್.ಆರ್. ಕಾಲೊನಿ ಕಡೆಯಿಂದ ಹೊರಬೀಳಲು ಎಷ್ಟು ಹೊತ್ತು, ಸಂಜೆ ಯಾವ ತಿರುವಿನಲ್ಲಿ ಜನ ನಿಂತುಬಿಡುತ್ತಾರೆ. ಇದನ್ನೆಲ್ಲ ನಡೆದು ಬರೆದುಕೊಂಡು ಪೊಲೀಸರ ಕೈಗೂ ಒಂದು ಪ್ರತಿ ಕೊಡಲಿ. ಅಂದ ಹಾಗೆ, ಇಂಟರ್ನ್‌ಗಳ ಲಾಗ್‌ಬುಕ್ಕಿನಲ್ಲಿ ಇದಕ್ಕೊಂದು ಸಹಿ ಕಡ್ಡಾಯ ಮಾಡಿ. ಸಹಿ ಇಲ್ಲದಿದ್ದರೆ ಹುಡುಗರು ಬರುವುದಿಲ್ಲ. ಬಂದರೂ ಕಡಲೆಕಾಯಿ ತಿನ್ನಲು ಬರುತ್ತಾರೆ.