ಮುನ್ಸೂಚನೆಗಿಂತ ಗಾಳಿ ಜೋರಾಗಿ ಬೀಸಿದರೆ ಹವಾಮಾನ ಇಲಾಖೆ ಹೇಳಿದ್ದು ಸುಳ್ಳೇ?

"40 ಕಿ.ಮೀ. ವೇಗದ ಗಾಳಿ ಅಂದಿದ್ದರು, ಬೀಸಿದ್ದು 55! ಇವರನ್ನು ನಂಬಬೇಡಿ." ಮಳೆಗಾಲದಲ್ಲಿ ಇಂಥ ಸಂದೇಶ ನಿಮಗೂ ಬಂದಿರಬಹುದು. ಆದರೆ ಆ ಎರಡೂ ಸಂಖ್ಯೆಗಳು ಒಟ್ಟೊಟ್ಟಿಗೆ ನಿಜವಾಗಿರಲು ಸಾಧ್ಯ.

ಮುನ್ಸೂಚನೆಯಲ್ಲಿ ಹೇಳುವ ಗಾಳಿಯ ವೇಗ ಕೆಲವು ನಿಮಿಷಗಳ ಸರಾಸರಿ. ಆಸ್ಟ್ರೇಲಿಯಾದಲ್ಲಿ ಅದು 10 ನಿಮಿಷಗಳ ಸರಾಸರಿ. ನಡುನಡುವೆ ಒಮ್ಮೆಲೇ ನುಗ್ಗುವ ಗಾಳಿ ಅದಕ್ಕಿಂತ ಶೇ. 40ರಷ್ಟು ಜೋರಾಗಿರಬಹುದು ಎಂದು ಅಲ್ಲಿನ ಹವಾಮಾನ ಇಲಾಖೆ ಈಗ ಸಮುದ್ರದ ಮುನ್ಸೂಚನೆಗಳಲ್ಲೇ ಬರೆಯುತ್ತದೆ.

ಹಾಗೆ ಬರೆಯುವುದರ ಹಿಂದೆ ಒಂದು ದುರಂತವಿದೆ. 1998ರ ಡಿಸೆಂಬರ್ 26ರಂದು ಸಿಡ್ನಿಯಿಂದ ಹೋಬಾರ್ಟ್‌ಗೆ, ಸುಮಾರು 1,160 ಕಿ.ಮೀ. ದೂರದ ಸ್ಪರ್ಧೆಗೆ 115 ಹಾಯಿದೋಣಿಗಳು ಹೊರಟವು. ಮೊದಲ ರಾತ್ರಿ ಹಿಂದಿನಿಂದ ಬೀಸುವ ಗಾಳಿ, ವೇಗದ ಓಟ. ಮರುದಿನ ಬಾಸ್ ಜಲಸಂಧಿಯ ಬಳಿ ಬಿರುಗಾಳಿ ಎದುರಾಯಿತು. 6 ಮಂದಿ ಸತ್ತರು, 5 ದೋಣಿಗಳು ಮುಳುಗಿದವು, ಗುರಿ ತಲುಪಿದ್ದು 44 ಮಾತ್ರ. ಎಚ್ಚರಿಕೆ ಸಂದೇಶ ಬಂದಿತ್ತು, ಅದರಲ್ಲಿದ್ದದ್ದು 45ರಿಂದ 55 ನಾಟ್. ಅದು ಸರಾಸರಿ, ಗರಿಷ್ಠ ವೇಗವಲ್ಲ ಎಂಬುದು ಹಲವು ನಾವಿಕರಿಗೆ ತಿಳಿದಿರಲಿಲ್ಲ ಎಂಬುದು ನಂತರದ ವಿಚಾರಣೆಯಲ್ಲಿ ಹೊರಬಂತು.

ಶೇ. 40 ಏನು ಮಹಾ ಎನಿಸಬಹುದು. ಆದರೆ ಗಾಳಿ ಹಾಯಿಯ ಮೇಲೆ ಹಾಕುವ ಬಲ ವೇಗದ ವರ್ಗದಂತೆ ಏರುತ್ತದೆ. 1.4 ಅನ್ನು 1.4ರಿಂದ ಗುಣಿಸಿ ನೋಡಿ: 1.96. ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು!

ಗಾಳಿಯ ಜೊತೆಗೇ ಸಾಗುವಾಗ ಇದು ಗೊತ್ತಾಗುವುದೂ ಇಲ್ಲ. 15 ನಾಟ್ ಗಾಳಿ ಬೆನ್ನಿಗಿದ್ದು ದೋಣಿ 6 ನಾಟ್‌ನಲ್ಲಿ ಓಡುತ್ತಿದ್ದರೆ ಮೈಗೆ ತಾಗುವುದು ಬರೀ 9. ಬಸ್ಸಿನ ಹಿಂದಿನಿಂದ ಬೀಸುವ ಗಾಳಿ ಕಿಟಕಿಯಲ್ಲಿ ಕೂತವರಿಗೆ ತಿಳಿಯದ ಹಾಗೆ. ಹಗಲಿನಲ್ಲಾದರೆ ನೀರಿನ ಮೇಲೆ ಕಪ್ಪಗೆ ಓಡಿಬರುವ ಅಲೆಯ ನವಿರು ನೋಡಿ ಗಾಳಿ ಬಂತೆಂದು ಹೇಳಬಹುದು. ರಾತ್ರಿ ಆ ಸುಳಿವೂ ಇಲ್ಲ. ಅನುಭವಿಗಳು ಕತ್ತಲಾಗುವ ಮೊದಲೇ ಹಾಯಿಯನ್ನು ಅರ್ಧ ಮಡಚಿ ಕಟ್ಟುವುದು ಇದಕ್ಕೇ.

ನಮ್ಮ ಮೀನುಗಾರರಿಗೆ ಭಾರತೀಯ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆ ಸಾಮಾನ್ಯವಾಗಿ "45ರಿಂದ 55 ಕಿ.ಮೀ., ಆಗಾಗ 65 ಕಿ.ಮೀ." ಎಂಬ ರೂಪದಲ್ಲಿರುತ್ತದೆ. ಆ ಕೊನೆಯ 65 ಬಿಟ್ಟು ಫಾರ್ವರ್ಡ್ ಮಾಡಿದರೆ ಮಾಹಿತಿಯ ಮುಖ್ಯ ಭಾಗವೇ ಹೋದಂತೆ. ಅಲೆಯ ಎತ್ತರಕ್ಕೂ ಇದೇ ಮಾತು: 3 ಮೀಟರ್ ಎಂದಿದ್ದಲ್ಲಿ ಒಂದೊಂದು ಅಲೆ 6 ಮೀಟರ್ ಏಳಬಹುದು.

ಇನ್ನೊಂದು ನಂಬಿಕೆ, ಗಾಳಿ ಜೋರಾದರೆ ತಕ್ಷಣ ದಡಕ್ಕೆ ಓಡಬೇಕು ಎನ್ನುವುದು. ಗಾಳಿ ದಡದತ್ತಲೇ ಬೀಸುತ್ತಿದ್ದರೆ ಹಾಯಿದೋಣಿಗೆ ಅಪಾಯ ಹೆಚ್ಚುವುದು ಅಲ್ಲೇ. ಆಳ ಕಡಿಮೆಯಾದಂತೆ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ, ಕತ್ತಲಲ್ಲಿ ಅಳಿವೆಯ ಬಾಯಿ ಕಾಣುವುದಿಲ್ಲ, ಬಂಡೆಗಳಿಂದ ಹಿಂದೆ ಸರಿಯಲು ಜಾಗವಿರುವುದಿಲ್ಲ. ಗಟ್ಟಿಮುಟ್ಟಾದ ದೋಣಿಯವರು ಅಂಥ ರಾತ್ರಿ ದಡದಿಂದ ದೂರ ಸರಿದು, ಬೆಳಕಾಗುವವರೆಗೆ ಕಾಯುವುದುಂಟು.